ಊರ ಮನೆಯ ಲ್ಯಾಂಡ್‌ಲೈನ್ ತೆಗೆಸುವ ಮುಂಚೆ ಇದನ್ನು ಓದಿ

ಊರಲ್ಲಿ ವಯಸ್ಸಾದ ಅಪ್ಪ ಅಮ್ಮ ಇಬ್ಬರೇ ಇದ್ದಾರಾ? ಮನೆಯಲ್ಲಿ ಇನ್ನೂ ತಾಮ್ರದ ತಂತಿಯ ಹಳೇ ಫೋನ್ ಇದೆಯಾ? ಹಾಗಿದ್ದರೆ ಅದನ್ನು ತೆಗೆಸಬೇಡಿ. ನಾನು ತೆಗೆಸಿ ಅನುಭವಿಸಿದ್ದೇನೆ.

ನಮ್ಮದು ಆಗುಂಬೆ ಕಡೆ, ಅಡಿಕೆ ತೋಟದ ನಡುವಿನ ಒಂಟಿ ಮನೆ. ನಾನಿರುವುದು ಬೆಂಗಳೂರಲ್ಲಿ. ಬೇಸಿಗೆಯಲ್ಲಿ ಊರಿಗೆ ಹೋಗಿದ್ದಾಗ ಒಬ್ಬ ಏಜೆಂಟ್ ಬಂದ. "ತಾಮ್ರದ ಲೈನ್ ಎಲ್ಲಾ ಹೋಗುತ್ತೆ ಸಾರ್. ಫೈಬರ್ ಹಾಕಿಸಿ, ಫೋನೂ ಅದರಲ್ಲೇ ಬರುತ್ತೆ" ಎಂದ. ಎದುರು ಗುಡ್ಡದಲ್ಲಿ ಹೊಸ ಟವರೂ ಎದ್ದಿತ್ತು. ಅಂಗಳಕ್ಕೆ ಬಂದರೆ ಮೊಬೈಲಿಗೆ ಎರಡು ಕಡ್ಡಿ ಸಿಗ್ನಲ್. ಇನ್ಯಾಕೆ ಸುಮ್ನೆ ಹಳೇದು ಅಂತ ಸರೆಂಡರ್ ಮಾಡಿಸಿದೆ. "ಇರಲಿ ಬಿಡೋ, ಮಳೆಗಾಲಕ್ಕೆ ಬೇಕು" ಎಂದರು ಅಪ್ಪಯ್ಯ. ನಾನು ಕೇಳಲಿಲ್ಲ.

ಜುಲೈ ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋಯಿತು. ಅದರ ಜೊತೆಗೇ ಫೈಬರ್ ಫೋನೂ ಸತ್ತಿತು. ಸಂಜೆಯೊಳಗೆ ಟವರ್ ಕೂಡ ನಿಂತಿತು. ಅದರ ಬ್ಯಾಟರಿ ಕೆಲವೇ ಗಂಟೆ ಬರುತ್ತದೆ, ಜನರೇಟರಿಗೆ ಡೀಸೆಲ್ ಒಯ್ಯಲು ದಾರಿ ಇರಲಿಲ್ಲ. ನಾನು ಎಷ್ಟು ಸಲ ಮಾಡಿದರೂ ವ್ಯಾಪ್ತಿ ಪ್ರದೇಶದ ಹೊರಗೆ ಎಂಬ ಅದೇ ದನಿ.

ಮೂರನೇ ದಿನ ಬೆಳಗಿನ ಜಾವ ಅಪ್ಪಯ್ಯ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಬಿದ್ದರು. ಸೊಂಟ ಮುರಿಯಿತು. ಅಮ್ಮ ಅವರನ್ನು ಹೇಗೋ ಜಗುಲಿಗೆ ಎಳೆದು, ಕಂಬಳಿ ಹೊದಿಸಿ, ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಟಾರ್ಚ್ ಹಿಡಿದು ಹೊರಟಳು. ತುಂಬಿದ ಹಳ್ಳ, ಮೇಲೆ ಅಡಿಕೆ ಮರದ ಸಂಕ. ಅರವತ್ತೆಂಟು ವರ್ಷದ ಹೆಂಗಸು ಅದನ್ನು ಒಬ್ಬಳೇ ದಾಟಿ ಒಂದೂವರೆ ಕಿಲೋಮೀಟರ್ ನಡೆದು ಕೆಳಮನೆ ತಲುಪಿದಳು. ಈಗಲೂ ನೆನೆದರೆ ಮೈ ನಡುಗುತ್ತದೆ.

ಕೆಳಮನೆಯವರು ಹಳೇ ಲ್ಯಾಂಡ್‌ಲೈನ್ ಬಿಟ್ಟಿರಲಿಲ್ಲ. ಅದಕ್ಕೆ ಜೀವ ಇತ್ತು! ಅಲ್ಲಿಂದಲೇ ಜೀಪಿನವರಿಗೂ ನನಗೂ ಫೋನ್ ಬಂತು. ಅಪ್ಪಯ್ಯ ಆಸ್ಪತ್ರೆ ಸೇರುವಾಗ ಮಧ್ಯಾಹ್ನವಾಗಿತ್ತು. ಆಪರೇಷನ್ ಆಯಿತು, ಈಗ ಕೋಲು ಹಿಡಿದು ನಡೆಯುತ್ತಾರೆ.

ಒಂದೇ ಊರು, ಒಂದೇ ಮಳೆ. ಆ ಫೋನ್ ಯಾಕೆ ಬದುಕಿತ್ತು ಅಂತ ಆಮೇಲೆ ತಿಳಿದುಕೊಂಡೆ. ತಾಮ್ರದ ಲೈನಿಗೆ ಮನೆಯ ಕರೆಂಟು ಬೇಡ. ಟೆಲಿಫೋನ್ ಎಕ್ಸ್‌ಚೇಂಜಿನ ಬ್ಯಾಟರಿಯಿಂದ 48 ವೋಲ್ಟ್ ಅದೇ ತಂತಿಯಲ್ಲಿ ಬರುತ್ತದೆ. ಎಕ್ಸ್‌ಚೇಂಜಿನಲ್ಲಿ ಬ್ಯಾಟರಿ, ಜನರೇಟರ್ ಸರಿ ಇದ್ದು, ಕೇಬಲ್ ತುಂಡಾಗದಿದ್ದರೆ ಸಾಕು. ಫೈಬರಿನಲ್ಲಿ ಬರುವುದು ಬೆಳಕು ಮಾತ್ರ. ಮನೆಯ ಮೋಡೆಮ್‌ಗೆ ಕರೆಂಟು ಇಲ್ಲದಿದ್ದರೆ ಫೋನಿಲ್ಲ. ಇದನ್ನು ಏಜೆಂಟ್ ಹೇಳಲಿಲ್ಲ.

ಇದು ನಮ್ಮ ಮಲೆನಾಡಿನ ಕಥೆ ಮಾತ್ರ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಕೇಳಿದವರಿಗೆಲ್ಲ ಫೋನ್ ಲೈನ್ ಕೊಡುವ ಹೊಣೆಯಿಂದ ಬಿಡಿಸಿ ಎಂದು ಎಟಿ ಅಂಡ್ ಟಿ ಕಂಪನಿ ಅರ್ಜಿ ಹಾಕಿತ್ತು. ಕಾಡ್ಗಿಚ್ಚು ಬಂದು ಕರೆಂಟು ಹೋದರೆ ನಮಗೆ ಲ್ಯಾಂಡ್‌ಲೈನೇ ದಿಕ್ಕು ಎಂದು ಗುಡ್ಡಗಾಡಿನ ಜನ ಗಟ್ಟಿಯಾಗಿ ಹೇಳಿದರು. 2024ರ ಜೂನ್‌ನಲ್ಲಿ, ಇಂಥ ಸೇವೆಗಳ ಮೇಲೆ ನಿಗಾ ಇಡುವ ಅಲ್ಲಿನ ಸರ್ಕಾರಿ ಆಯೋಗ ಅರ್ಜಿಯನ್ನು ತಳ್ಳಿಹಾಕಿತು. ನಾವೂ ಹಾಗೆ ಕೇಳಬೇಕು ಅಲ್ವಾ?

ಫೈಬರ್ ಬೇಡ ಎನ್ನುತ್ತಿಲ್ಲ. ಹಾಕಿಸಿ, ಆದರೆ ಹಳೇ ಲೈನ್ ಇಟ್ಟುಕೊಂಡೇ ಒಂದು ಮಳೆಗಾಲ ನೋಡಿ. ಮೇನ್ ಸ್ವಿಚ್ ಆಫ್ ಮಾಡಿ, ಫೋನ್ ಎಷ್ಟು ಹೊತ್ತು ನಡೆಯುತ್ತದೆ ಅಂತ ಪರೀಕ್ಷಿಸಿ. ಕಾರ್ಡ್‌ಲೆಸ್ ಸೆಟ್ ನಂಬಬೇಡಿ, ಅದಕ್ಕೂ ಕರೆಂಟು ಬೇಕು. ಸುರುಳಿ ವೈರಿನ ಹಳೇ ಸೆಟ್ ಅಟ್ಟದಲ್ಲಿದ್ದರೆ ಇಳಿಸಿ.

ನಾನು ಮತ್ತೆ ಅರ್ಜಿ ಕೊಟ್ಟೆ. ಆ ಕಡೆಗೆ ಇನ್ನು ತಾಮ್ರದ ಲೈನ್ ಕೊಡುವುದಿಲ್ಲ ಎಂದರು. ಮೋಡೆಮ್‌ಗೆ ಸಣ್ಣ ಯುಪಿಎಸ್ ಹಾಕಿಸಿದ್ದೇನೆ, ಮೂರೂವರೆ ಗಂಟೆ ಬರುತ್ತದೆ. ಅದೂ ಮುಗಿದ ದಿನ ಕೆಳಮನೆಯ ಹುಡುಗ ಬೆಳಿಗ್ಗೆ ಸಂಕ ದಾಟಿ ಬಂದು, ಅಪ್ಪಯ್ಯ ಅಮ್ಮನನ್ನು ನೋಡಿಕೊಂಡು ಹೋಗಿ, ಅವರ ಲ್ಯಾಂಡ್‌ಲೈನಿನಿಂದ ನನಗೆ ಫೋನ್ ಮಾಡುತ್ತಾನೆ.