ಇಸಬ್‌ಗೋಲ್ ಪುಡಿ: ಕೊಲೆಸ್ಟ್ರಾಲ್ ಇಳಿಸುತ್ತದೆ ನಿಜ, ಆದರೆ ಎಷ್ಟು?

ಮಲಬದ್ಧತೆಗೆಂದು ಮಾರಾಟವಾಗುತ್ತಿದ್ದ ಇಸಬ್‌ಗೋಲ್ ಈಗ ಕೊಲೆಸ್ಟ್ರಾಲ್ ಇಳಿಸುವ ಪುಡಿಯಾಗಿಯೂ ಸಿಗುತ್ತದೆ. ಡಬ್ಬಿಯ ಮೇಲೆ ಹೃದಯದ ಚಿತ್ರ, ಪಕ್ಕದಲ್ಲಿ 'ನೈಸರ್ಗಿಕ' ಎಂಬ ಮಾತು. ಕೊಳ್ಳುವವರ ಮನಸ್ಸಿನಲ್ಲಿ ಇರುವುದು ಒಂದೇ ಪ್ರಶ್ನೆ: ಇದನ್ನು ಕುಡಿದರೆ ಕೊಲೆಸ್ಟ್ರಾಲ್ ಇಳಿಸಲು ವೈದ್ಯರು ಕೊಡುವ ಸ್ಟ್ಯಾಟಿನ್ ಮಾತ್ರೆ ತಪ್ಪುತ್ತದೆಯೇ? ಕೆಲವರಿಗೆ ತಪ್ಪಬಹುದು, ಹಲವರಿಗೆ ತಪ್ಪುವುದಿಲ್ಲ. ಅದನ್ನು ನಿರ್ಧರಿಸುವುದು ಪುಡಿಯ ಬ್ರ್ಯಾಂಡ್ ಅಲ್ಲ. ನಿಮ್ಮ ಎಲ್‌ಡಿಎಲ್ ('ಕೆಟ್ಟ' ಕೊಲೆಸ್ಟ್ರಾಲ್) ಎಷ್ಟಿದೆ, ಎಷ್ಟಕ್ಕೆ ಇಳಿಯಬೇಕು, ಹೃದಯದ ಅಪಾಯ ಎಷ್ಟಿದೆ ಎಂಬ ಲೆಕ್ಕವೇ ನಿರ್ಧರಿಸುತ್ತದೆ.

ಡಬ್ಬಿಯೊಳಗೆ ಇರುವುದು ಪ್ಲಾಂಟಾಗೊ ಓವಾಟಾ ಎಂಬ ಗಿಡದ ಬೀಜದ ಸಿಪ್ಪೆ. ಅದರಲ್ಲಿ ಸುಮಾರು ಶೇ 70ರಷ್ಟು ಕರಗುವ ನಾರು. ಒಂದು ಚಮಚ ಪುಡಿಯನ್ನು ಅರ್ಧ ಲೋಟ ನೀರಿಗೆ ಹಾಕಿ ಹತ್ತು ನಿಮಿಷ ಬಿಟ್ಟು ನೋಡಿ. ತಳದಲ್ಲಿ ಪುಡಿ ಕೂರುವುದಿಲ್ಲ, ಮೇಲೆ ನೀರು ತೇಲುವುದಿಲ್ಲ. ಲೋಟ ಓರೆ ಮಾಡಿದರೆ ಇಡೀ ಗಟ್ಟಿ ಲೋಳೆ ಒಂದೇ ಮುದ್ದೆಯಾಗಿ ನಿಧಾನಕ್ಕೆ ಜಾರುತ್ತದೆ. ಕೊಲೆಸ್ಟ್ರಾಲ್ ಇಳಿಸುವ ಗುಣ ಇರುವುದೇ ಈ ಲೋಳೆಯಲ್ಲಿ. ನಾರು ಎಂದ ಮಾತ್ರಕ್ಕೆ ಎಲ್ಲವೂ ಈ ಕೆಲಸ ಮಾಡುವುದಿಲ್ಲ. ಗೋಧಿ ತೌಡು ನೀರಿನಲ್ಲಿ ಕರಗುವುದೇ ಇಲ್ಲ. ಇನುಲಿನ್ ಎಂಬ ಇನ್ನೊಂದು ನಾರು ಕರಗುತ್ತದೆ, ಆದರೆ ಲೋಳೆ ಕಟ್ಟುವುದಿಲ್ಲ. ಎರಡರಿಂದಲೂ ಎಲ್‌ಡಿಎಲ್‌ನಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗುವುದಿಲ್ಲ. 'ಹೈ ಫೈಬರ್' ಎಂದು ಬರೆದ ಪೊಟ್ಟಣಗಳಲ್ಲಿ ಎಷ್ಟೋ ಸಲ ಇರುವುದು ಇವೇ. ಹಾಗಾಗಿ ಮುಂಭಾಗದ ದೊಡ್ಡ ಅಕ್ಷರ ಬಿಟ್ಟು ಹಿಂಭಾಗದ ಪದಾರ್ಥಗಳ ಪಟ್ಟಿ ಓದಬೇಕು.

ಕೆಲಸ ಮಾಡುವ ಬಗೆ ಹೀಗೆ. ಲಿವರ್ ಕೊಲೆಸ್ಟ್ರಾಲಿನಿಂದ ಪಿತ್ತಾಮ್ಲ ತಯಾರಿಸಿ ಕರುಳಿಗೆ ಕಳಿಸುತ್ತದೆ. ಊಟದ ಕೊಬ್ಬು ಜೀರ್ಣವಾದ ಮೇಲೆ ಆ ಪಿತ್ತಾಮ್ಲದ ಬಹುಪಾಲನ್ನು ಸಣ್ಣ ಕರುಳಿನ ಕೊನೆಯ ಭಾಗ ಹೀರಿ ಲಿವರ್‌ಗೆ ಹಿಂದಿರುಗಿಸುತ್ತದೆ. ಇಸಬ್‌ಗೋಲ್ ಲೋಳೆ ಈ ಪಿತ್ತಾಮ್ಲವನ್ನು ತನ್ನೊಳಗೆ ಹಿಡಿದಿಟ್ಟುಕೊಂಡು ಮಲದ ಜೊತೆ ಹೊರಹಾಕುತ್ತದೆ. ಕೊರತೆ ತುಂಬಿಕೊಳ್ಳಲು ಲಿವರ್ ಹೊಸ ಪಿತ್ತಾಮ್ಲ ತಯಾರಿಸಬೇಕು, ಅದಕ್ಕೆ ಕಚ್ಚಾವಸ್ತುವಾಗಿ ರಕ್ತದಲ್ಲಿರುವ ಎಲ್‌ಡಿಎಲ್ ಅನ್ನು ಎಳೆದುಕೊಳ್ಳುತ್ತದೆ. ಪಿತ್ತಾಮ್ಲ ಇರುವ ಪಿತ್ತರಸ ಕರುಳಿಗೆ ಬರುವುದು ಊಟದ ಹೊತ್ತಿನಲ್ಲಿ. ರಾತ್ರಿ ಮಲಗುವ ಮುಂಚೆ ಖಾಲಿ ಹೊಟ್ಟೆಗೆ ಇಸಬ್‌ಗೋಲ್ ಕುಡಿದರೆ ಬೆಳಿಗ್ಗೆ ಹೊಟ್ಟೆ ಹಗುರವಾದೀತು, ಕೊಲೆಸ್ಟ್ರಾಲಿಗೆ ಮಾತ್ರ ಊಟದ ಜೊತೆಗೇ ತೆಗೆದುಕೊಳ್ಳಬೇಕು. ಈ ಒಂದು ವಿಷಯವನ್ನು ಬಹುತೇಕ ಡಬ್ಬಿಗಳು ಹೇಳುವುದೇ ಇಲ್ಲ. ಅವುಗಳ ಮೇಲಿನ ಸೂಚನೆ ಇನ್ನೂ ಮಲಬದ್ಧತೆಯ ಕಾಲದ್ದು.

ಇನ್ನು ಫಲಿತಾಂಶ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1998ರಲ್ಲಿ ಇಸಬ್‌ಗೋಲ್‌ಗೆ ಹೃದಯದ ಆರೋಗ್ಯದ ಹೇಳಿಕೆ ಬಳಸಲು ಒಪ್ಪಿಗೆ ಕೊಟ್ಟಾಗ ಇಟ್ಟ ಪ್ರಮಾಣ ದಿನಕ್ಕೆ 7 ಗ್ರಾಂ ಕರಗುವ ನಾರು, ಅಂದರೆ ಸುಮಾರು 10 ಗ್ರಾಂ ಸಿಪ್ಪೆ. ಅಷ್ಟನ್ನು ದಿನವೂ ತೆಗೆದುಕೊಂಡರೆ ಎಲ್‌ಡಿಎಲ್ ಸಾಮಾನ್ಯವಾಗಿ ಶೇ 5ರಿಂದ 10ರವರೆಗೆ ಇಳಿಯುತ್ತದೆ. ಲೆಕ್ಕಕ್ಕೆ ಶೇ 7 ಎಂದು ಹಿಡಿಯಬಹುದು. ಎಲ್‌ಡಿಎಲ್ 150 ಮಿ.ಗ್ರಾಂ/ಡೆ.ಲೀ. ಇದ್ದವರಿಗೆ 140ರ ಆಸುಪಾಸಿಗೆ ಬರುತ್ತದೆ. ಪುಡಿಯೊಂದರಿಂದ ಇಷ್ಟು ಸಿಗುವುದು ಒಳ್ಳೆಯ ಸಾಧನೆಯೇ. ಆದರೆ 190 ಇದ್ದವರು ಇದೊಂದನ್ನೇ ನಂಬಿ ಕೂತರೆ 177ಕ್ಕೆ ಬಂದು ನಿಲ್ಲುತ್ತಾರೆ, ಅದು ಯಾವ ದೃಷ್ಟಿಯಿಂದಲೂ ಸಾಲದು.

ಕೊಳ್ಳುವಾಗ ನಾಲ್ಕು ರೂಪ ಕಣ್ಣಿಗೆ ಬೀಳುತ್ತವೆ. ಇಡೀ ಸಿಪ್ಪೆ ನಿಧಾನವಾಗಿ ಉಬ್ಬುತ್ತದೆ, ಕುಡಿಯಲು ಸಮಯ ಸಿಗುತ್ತದೆ, ಬಾಯಿಗೆ ಹೊಟ್ಟಿನಂತೆ ಸಿಗುತ್ತದೆ. ನುಣ್ಣನೆಯ ಪುಡಿ ಬಾಯಿಗೆ ಹಿತ, ಆದರೆ ಕಲಕಿದ ಒಂದೆರಡು ನಿಮಿಷದಲ್ಲೇ ಗಟ್ಟಿಯಾಗಿಬಿಡುತ್ತದೆ, ನೀರಿಗೆ ಒಮ್ಮೆಲೇ ಸುರಿದರೆ ಗಂಟು ಕಟ್ಟುತ್ತದೆ. ಕಿತ್ತಳೆ ರುಚಿಯ ಪುಡಿಗಳ ವಿಷಯದಲ್ಲಿ ಎಚ್ಚರ ಬೇಕು: ಕೆಲವುದರಲ್ಲಿ ಒಂದು ದೊಡ್ಡ ಚಮಚಕ್ಕೆ ಇಸಬ್‌ಗೋಲ್ 3.4 ಗ್ರಾಂ ಮಾತ್ರ, ಉಳಿದದ್ದರಲ್ಲಿ ಹೆಚ್ಚಿನದು ಸಕ್ಕರೆ. 10 ಗ್ರಾಂ ತಲುಪಲು ದಿನಕ್ಕೆ ಮೂರು ದೊಡ್ಡ ಚಮಚ ಕುಡಿಯಬೇಕು. ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಏರಿದವರಿಗೂ ಮಧುಮೇಹಿಗಳಿಗೂ ಇದು ಸರಿಯಲ್ಲ. ಕ್ಯಾಪ್ಸೂಲ್‌ಗಳನ್ನಂತೂ ಈ ಕೆಲಸಕ್ಕೆ ಕೊಳ್ಳಲೇಬಾರದು. ಒಂದರಲ್ಲಿ ಅರ್ಧ ಗ್ರಾಂ ಆಸುಪಾಸು ಇದ್ದರೆ ದಿನಕ್ಕೆ ಇಪ್ಪತ್ತು ನುಂಗಬೇಕಾಗುತ್ತದೆ. ದಿನಕ್ಕೆರಡು ಕ್ಯಾಪ್ಸೂಲ್ ನುಂಗಿ 'ಇಸಬ್‌ಗೋಲ್ ಉಪಯೋಗಕ್ಕೆ ಬರಲಿಲ್ಲ' ಎನ್ನುವವರು ನಿಜಕ್ಕೂ ಅದನ್ನು ಪ್ರಯೋಗಿಸಿಯೇ ಇಲ್ಲ. ನಮ್ಮ ಆಯ್ಕೆ ಸಕ್ಕರೆ, ಬಣ್ಣ, ಸುವಾಸನೆ ಯಾವುದೂ ಇಲ್ಲದ ಸಾದಾ ಸಿಪ್ಪೆ ಅಥವಾ ಒರಟು ಪುಡಿ. ಮಣ್ಣಿನಿಂದ ಸೀಸದ ಅಂಶ ಸೇರುವ ಸಾಧ್ಯತೆ ಇರುವುದರಿಂದ ಪ್ರತಿ ಬ್ಯಾಚಿನ ಪರೀಕ್ಷಾ ವರದಿ ತೋರಿಸುವ ತಯಾರಕರಿಗೆ ಮೊದಲ ಮಣೆ.

ಚಮಚದ ಲೆಕ್ಕ ನಂಬಬೇಡಿ. ಸಿಪ್ಪೆ ಹಗುರ, ಪುಡಿ ಭಾರ. ಅದೇ ಚಮಚದಲ್ಲಿ ತೂಕ ಎಷ್ಟೋ ಬದಲಾಗುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ಒಮ್ಮೆ 5 ಗ್ರಾಂ ತೂಗಿ, ಅದು ನಿಮ್ಮ ಚಮಚದಲ್ಲಿ ಎಲ್ಲಿಯವರೆಗೆ ಬರುತ್ತದೆ ಎಂದು ನೋಡಿಟ್ಟುಕೊಂಡರೆ ಸಾಕು. ಮೊದಲ ವಾರ ದಿನಕ್ಕೆ 3 ಗ್ರಾಂ, ಒಂದೇ ಊಟದ ಜೊತೆ. ಎರಡನೇ ವಾರ ಎರಡು ಊಟಕ್ಕೆ ಮೂರು ಮೂರು ಗ್ರಾಂ. ಮೂರನೇ ವಾರದಿಂದ ಎರಡು ಹೊತ್ತು 5 ಗ್ರಾಂ. ಪ್ರತಿ ಸಲವೂ ಕನಿಷ್ಠ 240 ಮಿ.ಲೀ. ನೀರು, ಅಂದರೆ ದೊಡ್ಡ ಲೋಟ ತುಂಬ. ಮೊದಲು ನೀರು, ಆಮೇಲೆ ಪುಡಿಯನ್ನು ಉದುರಿಸುತ್ತಾ ಕಲಕಿ, ಗಟ್ಟಿಯಾಗುವ ಮುಂಚೆ ಕುಡಿದುಬಿಡಿ. ಲೋಟದ ತಳದಲ್ಲಿ ಅಂಟಿದ್ದಕ್ಕೆ ಇನ್ನಷ್ಟು ನೀರು ಹಾಕಿ ಅದನ್ನೂ ಮುಗಿಸಿ.

ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಮೊದಲ ದಿನವೇ 10 ಗ್ರಾಂ ಕುಡಿದವರಿಗೆ ಹೊಟ್ಟೆ ಉಬ್ಬರಿಸಿ, ಮೂರನೇ ದಿನಕ್ಕೆ ಡಬ್ಬಿ ಮೂಲೆ ಸೇರುತ್ತದೆ. ನೀರು ಕಡಿಮೆ ಕುಡಿದವರಿಗೆ ಮಲಬದ್ಧತೆ ಕಳೆಯುವ ಪುಡಿಯೇ ಮಲಬದ್ಧತೆ ತರುತ್ತದೆ. ಒಣ ಪುಡಿಯನ್ನು ಬಾಯಿಗೆ ಹಾಕಿಕೊಂಡು ಮೇಲೆ ನೀರು ಕುಡಿಯುವುದು ಅಪಾಯ, ಗಂಟಲಲ್ಲೇ ಉಬ್ಬಿ ಉಸಿರು ಕಟ್ಟಬಹುದು. ನುಂಗಲು ತೊಂದರೆ ಇರುವವರು, ಅನ್ನನಾಳ ಅಥವಾ ಕರುಳು ಕಿರಿದಾದವರು ಇದನ್ನು ಮುಟ್ಟಬಾರದು. ಲೋಳೆ ಪಿತ್ತಾಮ್ಲವನ್ನು ಹಿಡಿಯುವಂತೆಯೇ ಕೆಲವು ಮಾತ್ರೆಗಳನ್ನೂ ಹಿಡಿಯುತ್ತದೆ. ಬೇರೆ ಮಾತ್ರೆಗಳಿಗೂ ಇದಕ್ಕೂ ಕನಿಷ್ಠ 2 ಗಂಟೆ ಅಂತರವಿರಲಿ, ಥೈರಾಯ್ಡ್ ಮಾತ್ರೆಗೆ 4 ಗಂಟೆ. ಥೈರಾಯ್ಡ್ ಮಾತ್ರೆಯ ವಿಷಯ ಇಲ್ಲಿ ಇನ್ನೂ ಮುಖ್ಯ, ಏಕೆಂದರೆ ಥೈರಾಯ್ಡ್ ಹಾರ್ಮೋನ್ ಕಡಿಮೆಯಾದರೇ ಎಲ್‌ಡಿಎಲ್ ಏರುತ್ತದೆ. ಮಾತ್ರೆ ಸರಿಯಾಗಿ ಹೀರಿಕೊಳ್ಳದಿದ್ದರೆ ಪುಡಿಯಿಂದ ಇಳಿದದ್ದು ಇನ್ನೊಂದು ಕಡೆಯಿಂದ ಏರಿಬಿಡುತ್ತದೆ.

ಇದೇ ಕಪಾಟಿನಲ್ಲಿ ಸಿಗುವ ಬೇರೆ ವಸ್ತುಗಳ ಬಗ್ಗೆ ಚುಟುಕಾಗಿ. ಓಟ್ಸ್ ಇದರಷ್ಟೇ ನಂಬಿಕಸ್ಥ; ಅದರ ಲೋಳೆ ಕಟ್ಟುವ ನಾರಾದ ಬೀಟಾ-ಗ್ಲುಕಾನ್ ದಿನಕ್ಕೆ 3 ಗ್ರಾಂ ಬೇಕು, ಅದಕ್ಕೆ ಸುಮಾರು 75 ಗ್ರಾಂ ಒಣ ಓಟ್ಸ್ ತಿನ್ನಬೇಕು. ಸಸ್ಯ ಸ್ಟೆರಾಲ್ (ಸಸ್ಯಗಳಲ್ಲಿರುವ, ಕೊಲೆಸ್ಟ್ರಾಲನ್ನು ಹೋಲುವ ವಸ್ತು) ಸೇರಿಸಿದ ಆಹಾರಗಳು ದಿನಕ್ಕೆ 2 ಗ್ರಾಂ ಸ್ಟೆರಾಲ್ ಊಟದ ಜೊತೆ ಸೇರಿದರೆ ಎಲ್‌ಡಿಎಲ್ ಅನ್ನು ಶೇ 8ರಿಂದ 10ರಷ್ಟು ಇಳಿಸಬಲ್ಲವು. ಮೀನೆಣ್ಣೆ ಕ್ಯಾಪ್ಸೂಲ್ ಟ್ರೈಗ್ಲಿಸರೈಡ್‌ಗೆ ಸಂಬಂಧಿಸಿದ್ದು, ಎಲ್‌ಡಿಎಲ್‌ಗಲ್ಲ. ಕೆಂಪು ಯೀಸ್ಟ್ ಅಕ್ಕಿಯ ಮಾತ್ರೆಗಳಿಂದ ದೂರವಿರಿ. ಅದರಲ್ಲಿರುವ ಮೊನಾಕೊಲಿನ್ ಕೆ ರಾಸಾಯನಿಕವಾಗಿ ಲೋವಾಸ್ಟ್ಯಾಟಿನ್ ಎಂಬ ಔಷಧವೇ, 1987ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ಸ್ಟ್ಯಾಟಿನ್. ಎಷ್ಟು ಇದೆ ಎಂಬುದು ಡಬ್ಬಿಯಿಂದ ಡಬ್ಬಿಗೆ ಬದಲಾಗುತ್ತದೆ, ಕೆಲವುದರಲ್ಲಿ ಮೂತ್ರಪಿಂಡಕ್ಕೆ ಹಾನಿ ಮಾಡುವ ಸಿಟ್ರಿನಿನ್ ಎಂಬ ವಿಷವೂ ಸೇರಿರುತ್ತದೆ. ಯುರೋಪಿಯನ್ ಒಕ್ಕೂಟ 2022ರಲ್ಲಿ ದಿನದ ಪ್ರಮಾಣದಲ್ಲಿ ಮೊನಾಕೊಲಿನ್ 3 ಮಿ.ಗ್ರಾಂಗಿಂತ ಕಡಿಮೆ ಇರಬೇಕೆಂದು ಮಿತಿ ಹಾಕಿತು. ಸ್ಟ್ಯಾಟಿನ್ ಬೇಡವೆಂದು ಇದನ್ನು ಕೊಳ್ಳುವವರು ಅಳತೆಯಿಲ್ಲದ ಸ್ಟ್ಯಾಟಿನ್ ನುಂಗುತ್ತಿರುತ್ತಾರೆ.

2022ರಲ್ಲಿ ಹೊರಬಂದ ಸ್ಪೋರ್ಟ್ ಎಂಬ ಪ್ರಯೋಗ ಈ ಸಪ್ಲಿಮೆಂಟ್‌ಗಳನ್ನು ರೋಸುವಾಸ್ಟ್ಯಾಟಿನ್ 5 ಮಿ.ಗ್ರಾಂ ಎದುರು ನೇರವಾಗಿ ನಿಲ್ಲಿಸಿತು. 28 ದಿನಗಳಲ್ಲಿ ಆ ಚಿಕ್ಕ ಮಾತ್ರೆ ಎಲ್‌ಡಿಎಲ್ ಅನ್ನು ಸುಮಾರು ಶೇ 38 ಇಳಿಸಿತು. ಮೀನೆಣ್ಣೆ, ದಾಲ್ಚಿನ್ನಿ, ಬೆಳ್ಳುಳ್ಳಿ, ಅರಿಶಿನ, ಸಸ್ಯ ಸ್ಟೆರಾಲ್, ಕೆಂಪು ಯೀಸ್ಟ್ ಅಕ್ಕಿ, ಈ ಆರರಲ್ಲಿ ಯಾವುದೂ ಔಷಧವಿಲ್ಲದ ಹುಸಿ ಮಾತ್ರೆಗಿಂತ ಗಮನಾರ್ಹವಾಗಿ ಮೇಲಾಗಲಿಲ್ಲ. ಇಸಬ್‌ಗೋಲ್ ಆ ಪಟ್ಟಿಯಲ್ಲಿ ಇರಲಿಲ್ಲ. ಇದ್ದಿದ್ದರೂ ರೋಸುವಾಸ್ಟ್ಯಾಟಿನ್ ಹತ್ತಿರ ಬರುತ್ತಿರಲಿಲ್ಲ. ಶೇ 7ಕ್ಕೂ ಶೇ 38ಕ್ಕೂ ಇರುವ ದೂರ ಅಷ್ಟು.

ಇಸಬ್‌ಗೋಲ್ ನಿಜವಾಗಿ ಹೊಳೆಯುವುದು ಸ್ಟ್ಯಾಟಿನ್ ಜೊತೆಗೆ. ಸ್ಟ್ಯಾಟಿನ್ ಡೋಸ್ ಎರಡರಷ್ಟು ಮಾಡಿದರೆ ಎಲ್‌ಡಿಎಲ್ ಹೆಚ್ಚುವರಿಯಾಗಿ ಇಳಿಯುವುದು ಸುಮಾರು ಶೇ 6 ಮಾತ್ರ. ಪುಡಿಯೂ ಅಷ್ಟನ್ನೇ ಕೊಡುತ್ತದೆ. 2005ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸಿಮ್ವಾಸ್ಟ್ಯಾಟಿನ್ 10 ಮಿ.ಗ್ರಾಂ ಜೊತೆ ದಿನಕ್ಕೆ 15 ಗ್ರಾಂ ಇಸಬ್‌ಗೋಲ್ ತೆಗೆದುಕೊಂಡವರ ಎಲ್‌ಡಿಎಲ್, ಬರೀ 20 ಮಿ.ಗ್ರಾಂ ತೆಗೆದುಕೊಂಡವರಷ್ಟೇ ಇಳಿಯಿತು. ಡೋಸ್ ಏರಿಸಿದರೆ ಸ್ನಾಯು ನೋಯುತ್ತದೆ ಎನ್ನುವವರಿಗೆ ಇದು ವೈದ್ಯರ ಮುಂದೆ ಇಡಬಹುದಾದ ಗಟ್ಟಿ ಪ್ರಸ್ತಾಪ.

ಸ್ನಾಯು ನೋವಿನ ಬಗ್ಗೆ ಒಂದು ಮಾತು. 2020ರ ಸ್ಯಾಮ್ಸನ್ ಪ್ರಯೋಗದಲ್ಲಿ, ಅಡ್ಡಪರಿಣಾಮದಿಂದ ಸ್ಟ್ಯಾಟಿನ್ ಬಿಟ್ಟಿದ್ದವರಿಗೆ ಕೆಲವು ತಿಂಗಳು ಸ್ಟ್ಯಾಟಿನ್, ಕೆಲವು ತಿಂಗಳು ಹುಸಿ ಮಾತ್ರೆ, ಕೆಲವು ತಿಂಗಳು ಏನೂ ಇಲ್ಲದಂತೆ ಕೊಡಲಾಯಿತು. ಸ್ಟ್ಯಾಟಿನ್ ತಿಂಗಳಲ್ಲಿ ಕಂಡ ತೊಂದರೆಯ ಶೇ 90ರಷ್ಟು ಹುಸಿ ಮಾತ್ರೆಯ ತಿಂಗಳಲ್ಲೂ ಕಂಡಿತು. ಆ ನೋವು ಸುಳ್ಳು ಎಂದು ಇದರರ್ಥವಲ್ಲ. ನೋವು ನಿಜ, ಕಾರಣ ಹೆಚ್ಚಾಗಿ ಆ ಅಣುವಲ್ಲ ಅಷ್ಟೆ. ಹಾಗೆಂದು ಎಲ್ಲ ನೋವನ್ನೂ ತಳ್ಳಿಹಾಕುವಂತಿಲ್ಲ. ವಿಪರೀತ ಸ್ನಾಯು ನೋವಿನ ಜೊತೆ ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಅಂದೇ ವೈದ್ಯರನ್ನು ಕಾಣಬೇಕು.

ಹಾಗಾದರೆ ಪುಡಿ, ಆಹಾರ, ನಡಿಗೆ ಇಷ್ಟರಲ್ಲೇ ಪ್ರಯತ್ನಿಸಬಹುದಾದವರು ಯಾರು? ಹೃದಯಾಘಾತ, ಪಾರ್ಶ್ವವಾಯು ಆಗಿರದ, ಮಧುಮೇಹ ಇಲ್ಲದ, ಎಲ್‌ಡಿಎಲ್ 160ರ ಒಳಗಿರುವ, ವೈದ್ಯರು ಅಪಾಯ ಕಡಿಮೆ ಎಂದು ಲೆಕ್ಕಹಾಕಿದವರು. ಇವರು ಬೆಣ್ಣೆ, ತಾಳೆ ಎಣ್ಣೆ, ಕೊಬ್ಬಿನ ಮಾಂಸದ ಜಾಗಕ್ಕೆ ದ್ರವರೂಪದ ಅಸಂತೃಪ್ತ ಎಣ್ಣೆ, ಕಾಳು, ಬೀಜಗಳನ್ನು ತಂದು ಜೊತೆಗೆ ಇಸಬ್‌ಗೋಲ್ ಕುಡಿದರೆ ಒಳ್ಳೆಯ ಇಳಿಕೆ ಕಾಣಬಹುದು. ಲೋಳೆ ನಾರು, ಸಸ್ಯ ಸ್ಟೆರಾಲ್, ಸೋಯಾ, ಬಾದಾಮಿ ಸೇರಿಸಿದ 'ಪೋರ್ಟ್‌ಫೋಲಿಯೊ' ಆಹಾರಕ್ರಮ 2003ರಲ್ಲಿ ಎಲ್ಲ ಊಟವನ್ನೂ ತಯಾರಿಸಿ ಕೊಟ್ಟಾಗ ನಾಲ್ಕು ವಾರದಲ್ಲಿ ಸುಮಾರು ಶೇ 29 ಇಳಿಸಿತ್ತು. ಬರೀ ಸಲಹೆ ಕೊಟ್ಟು ಜನರನ್ನು ಅವರ ಪಾಡಿಗೆ ಬಿಟ್ಟ 2011ರ ಪ್ರಯೋಗದಲ್ಲಿ ಆರು ತಿಂಗಳಿಗೆ ಸಿಕ್ಕಿದ್ದು ಶೇ 13-14. ಮನೆಯಲ್ಲಿ ನಿಮ್ಮ ನಿರೀಕ್ಷೆ ಎರಡನೇ ಅಂಕಿಯದ್ದಾಗಿರಲಿ. ಎಲ್‌ಡಿಎಲ್ 190 ಅಥವಾ ಹೆಚ್ಚಿದ್ದರೆ, ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ ಆಗಿದ್ದರೆ ಅದು ವಂಶವಾಹಿ ಕಾಯಿಲೆಯಾಗಿರಬಹುದು. ಸುಮಾರು 250 ಜನರಲ್ಲಿ ಒಬ್ಬರಿಗೆ ಅದಿದೆ. ಅವರು ಪುಡಿಯ ಮೇಲೆ ತಿಂಗಳುಗಟ್ಟಲೆ ಕಳೆಯಬಾರದು, ಮಾತ್ರೆ ಶುರುವಾಗಲೇಬೇಕು. ಈಗಾಗಲೇ ಮಾತ್ರೆಯಲ್ಲಿರುವವರು ಪುಡಿ ಶುರುಮಾಡಿದೆವೆಂದು ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. ನಿಲ್ಲಿಸಿದ ಕೆಲವೇ ವಾರಗಳಲ್ಲಿ ಎಲ್‌ಡಿಎಲ್ ಹಳೆಯ ಮಟ್ಟಕ್ಕೆ ಏರುತ್ತದೆ, ಮೈಗೆ ಮಾತ್ರ ಏನೂ ಗೊತ್ತಾಗುವುದಿಲ್ಲ.

ಪುಡಿ ಕೆಲಸ ಮಾಡಿತೋ ಇಲ್ಲವೋ ತಿಳಿಯುವುದರಲ್ಲೂ ಒಂದು ತೊಡಕಿದೆ. ಏನೂ ಮಾಡದೆ ಇದ್ದರೂ ಒಬ್ಬರದೇ ಎಲ್‌ಡಿಎಲ್ ಒಂದು ಪರೀಕ್ಷೆಯಿಂದ ಇನ್ನೊಂದಕ್ಕೆ ಶೇ 7-8 ಆಚೀಚೆ ಆಗುವುದು ಸಹಜ. ಪುಡಿಯ ಪರಿಣಾಮವೂ ಅಷ್ಟೇ ಆದ್ದರಿಂದ ಒಂದೇ ವರದಿ ನೋಡಿ ತೀರ್ಪು ಕೊಡಲು ಬರುವುದಿಲ್ಲ. ಶುರುಮಾಡುವ ಮುಂಚೆ ಒಂದೆರಡು ವಾರದ ಅಂತರದಲ್ಲಿ ಎರಡು ಪರೀಕ್ಷೆ, ಪೂರ್ತಿ 10 ಗ್ರಾಂಗೆ ಬಂದ 8 ವಾರದ ಮೇಲೆ ಮತ್ತೆರಡು, ಎಲ್ಲವೂ ಒಂದೇ ಲ್ಯಾಬಿನಲ್ಲಿ; ಮುಂಚಿನ ಎರಡರ ಸರಾಸರಿಯನ್ನು ನಂತರದ ಎರಡರ ಸರಾಸರಿಯ ಜೊತೆ ಹೋಲಿಸಿ. ಜ್ವರ, ಸೋಂಕು ಬಂದು ಹೋದ ವಾರಗಳಲ್ಲಿ ರಕ್ತ ಕೊಡಬೇಡಿ, ಆಗ ಎಲ್‌ಡಿಎಲ್ ಸುಳ್ಳೇ ಕಡಿಮೆ ತೋರಿಸುತ್ತದೆ. ಟ್ರೈಗ್ಲಿಸರೈಡ್ 400 ದಾಟಿದ್ದರೆ ವರದಿಯಲ್ಲಿನ ಎಲ್‌ಡಿಎಲ್ ಲೆಕ್ಕಹಾಕಿದ್ದೋ ನೇರವಾಗಿ ಅಳೆದದ್ದೋ ಎಂದು ಲ್ಯಾಬಿನವರನ್ನು ಕೇಳಿ, ಲೆಕ್ಕಹಾಕಿದ್ದಾದರೆ ನೇರ ಅಳತೆ ಮಾಡಿಸಿ.