ಝಡ್‌ಮ್ಯಾನ್ ಮಿನ್ನೋಝ್ 3 ಇಂಚು: ಅಳಿವೆಯಲ್ಲಿ ಬಹುಕಾಲ ಬಳಸಿದ ಮೇಲೆ

ಕೋಡಿ ಬೆಂಗ್ರೆ ಕಡೆ, ಸೀತಾ-ಸ್ವರ್ಣಾ ನದಿಗಳು ಸಮುದ್ರ ಸೇರುವ ಅಳಿವೆಯಲ್ಲಿ ಕೆಂಬೇರಿಗೂ ಬಾರಾಮುಂಡಿ ಮೀನಿಗೂ ನಾನು ಗಾಳದ ದಾರಕ್ಕೆ ಹೆಚ್ಚಾಗಿ ಕಟ್ಟೋದು ಈ ಮೆದು ಲ್ಯೂರನ್ನೇ, ಅಂದರೆ ಮರಿಮೀನಿನಂತೆ ಕಾಣುವ ಈ ನಕಲಿ ಎರೆಯನ್ನೇ. ಸಾದಾ ಪಿವಿಸಿ ಲ್ಯೂರ್ ಒಂದೆರಡು ಮೀನು ಕಚ್ಚುವಷ್ಟರಲ್ಲಿ ಮೂತಿ ಹರಿದು ಜಾರುತ್ತೆ. ಇದನ್ನು ಮಾಡಿರುವ ಇಲಾಝ್‌ಟೆಕ್ ಎಂಬ ರಬ್ಬರಿನಂಥ ವಸ್ತು ಬೇರೆ ಜಾತಿ. ಎಳೆದಷ್ಟೂ ಹಿಗ್ಗುತ್ತೆ, ಹರಿಯಲ್ಲ. ಪಫರ್ ಮೀನಿನ ಹಲ್ಲಿಗೆ ಮಾತ್ರ ಯಾವುದೂ ನಿಲ್ಲದು ಬಿಡಿ.

ಆದರೆ ಈ ಹಿಗ್ಗುವ ಗುಣವೇ ಕೊಕ್ಕೆಗೆ ಪೋಣಿಸುವಾಗ ಸತಾಯಿಸುತ್ತೆ. ಜಗ್ಗಿ ಪೋಣಿಸಿದರೆ ಬಾಲ ಬಿಗಿದುಕೊಂಡು ಅಲ್ಲಾಡೋದೇ ಇಲ್ಲ. ಒತ್ತಿ ಕುಗ್ಗಿಸಿದರೆ ಬೆನ್ನು ಗೂನಾಗಿ ಲ್ಯೂರ್ ನೀರಲ್ಲಿ ಗಿರಕಿ ಹೊಡೆಯುತ್ತೆ, ದಾರವೆಲ್ಲ ಹುರಿಗಟ್ಟುತ್ತೆ. 'ಮೀನೇ ಹೊಡೀತಿಲ್ಲ' ಅಂತ ಒಂದು ಸ್ಟಾರ್ ಕೊಡುವವರು ಮೊದಲು ಈ ಗೂನು ಇದೆಯಾ ನೋಡಲಿ.

ನಾನು ಮಾಡೋದು ಹೀಗೆ. ಜಿಗ್ ಹೆಡ್ಡನ್ನು (ಸೀಸದ ತಲೆಯಿರುವ ಕೊಕ್ಕೆ) ಲ್ಯೂರಿನ ಪಕ್ಕಕ್ಕೆ ಹಿಡಿದು, ಕೊಕ್ಕೆಯ ಬಾಗು ಬೆನ್ನಿನ ಯಾವ ಜಾಗಕ್ಕೆ ಬರುತ್ತೋ ಅಲ್ಲಿ ಉಗುರಿನಿಂದ ಗುರುತು. ಮೊನೆ ಮೂತಿಯ ನಟ್ಟನಡುವೆ ಹೊಕ್ಕು, ಮೈಯ ಮಧ್ಯದಲ್ಲೇ ಸಾಗಿ, ಬೆನ್ನಿನ ನಡುಗೆರೆಯಲ್ಲೇ ಹೊರಬರಬೇಕು. ಕೂದಲೆಳೆ ಪಕ್ಕಕ್ಕೆ ಸರಿದರೂ ಬಿಚ್ಚಿ ಮತ್ತೆ ಪೋಣಿಸಿ, ಸೋಮಾರಿತನ ಬೇಡ. ಒಣ ರಬ್ಬರ್ ಹಿಡಿದುಕೊಳ್ಳುತ್ತೆ, ಕೊಕ್ಕೆ ಒದ್ದೆ ಮಾಡಿಕೊಂಡರೆ ಸರಾಗ. ಮೂತಿ ಸೀಸಕ್ಕೆ ತಾಗುವ ಮೊದಲು ಜಿಗ್ ಹೆಡ್ಡಿನ ಕೊರಳಿಗೆ ಒಂದು ಹನಿ ಫೆವಿಕ್ವಿಕ್. ಆಮೇಲೆ ಎಸೆಯುವ ಮುಂಚೆ ದೋಣಿ ಪಕ್ಕದಲ್ಲೇ ಒಂದು ಗಜ ಎಳೆದು ನೋಡಿ: ಹೊಟ್ಟೆ ಕೆಳಗೇ ಇರಬೇಕು, ನಿಧಾನಕ್ಕೆ ಎಳೆದರೂ ಬಾಲ ಬಡಿಯಬೇಕು.

ಕೊಕ್ಕೆ ದೊಡ್ಡದಾದಷ್ಟೂ ಮೈ ಸೆಟೆಯುತ್ತೆ. 3 ಇಂಚಿಗೆ 2/0 ಅಥವಾ 3/0 ಅಳತೆಯ ಕೊಕ್ಕೆ ಸಾಕು. ಮೊನೆ ಅರ್ಧ ದಾಟಿ ಹಿಂದೆ ಹೋಗಬಾರದು. ಜಿಗ್ ಹೆಡ್ ತೂಕ ಆಳವಿಲ್ಲದ ಕಡೆ 3.5 ಗ್ರಾಂ, ಇಳಿತದ ಸೆಳೆತ ಜೋರಿದ್ದರೆ 7 ಗ್ರಾಂ. ದಾರ ಕಟ್ಟುವ ಕಣ್ಣಿಗೆ ಬಿಗಿಯಾಗಿ ಗಂಟು ಹಾಕಬೇಡಿ, ಸಣ್ಣ ಕುಣಿಕೆ ಬಿಟ್ಟರೆ ತಲೆ ಸ್ವತಂತ್ರವಾಗಿ ಆಡುತ್ತೆ. ಆನ್‌ಲೈನಲ್ಲಿ ಕೊಂಡ ಅಗ್ಗದ ಜಿಗ್ ಹೆಡ್‌ಗಳ ಕೊರಳಿನ ಮುಳ್ಳು ಎಷ್ಟು ದಪ್ಪವೆಂದರೆ ಈ ರಬ್ಬರ್ ಮೇಲೇರಲೇ ಇಲ್ಲ. ತೆಳು ಕೀಪರ್ (ಲ್ಯೂರ್ ಹಿಡಿದಿಡುವ ಆ ಮುಳ್ಳು) ಇರೋದನ್ನೇ ಆರಿಸಿ.

ಇದರ ನಿಜವಾದ ವರ ತೇಲುವ ಗುಣ. ಜಿಗ್ ಹೆಡ್ ತಳ ಮುಟ್ಟಿದಾಗ ಪಿವಿಸಿ ಮಲಗುತ್ತೆ, ಇದರ ಬಾಲ ಮಾತ್ರ ಮೇಲೆದ್ದು, ಕೆಸರು ಕೆದಕುವ ಮರಿಮೀನಿನ ಹಾಗೆ ನಿಲ್ಲುತ್ತೆ. ಕೆಂಬೇರಿ ಹೊಡೆಯೋದು ಹೆಚ್ಚಾಗಿ ನಾನು ಎಳೆಯದೆ ಸುಮ್ಮನಿದ್ದ ಆ ಗಳಿಗೆಯಲ್ಲೇ. ಕಾಂಡ್ಲಾ (ಮ್ಯಾಂಗ್ರೋವ್) ಬೇರುಗಳ ನಡುವೆ ಮಾತ್ರ ತೆರೆದ ಮೊನೆ ಸಿಕ್ಕಿಕೊಂಡೇ ತೀರುತ್ತೆ. ಅಲ್ಲಿಗೆ ಮೊನೆ ಮೈಯೊಳಗೆ ಅಡಗುವ ಆಫ್‌ಸೆಟ್ ಕೊಕ್ಕೆ ಬೇಕು.

ಇಡುವಾಗ ಪಿವಿಸಿ ಲ್ಯೂರ್‌ಗಳ ಜತೆ ಒಂದೇ ಡಬ್ಬಿಗೆ ಹಾಕಬೇಡಿ, ಕರಗಿ ಅಂಟಾಗುತ್ತೆ. ಬಂದ ಪ್ಯಾಕೆಟ್ಟಿನಲ್ಲೇ ಬಾಲ ಮಡಚದಂತೆ ಇಡಿ. ಸೊಟ್ಟ ಬಾಲದ್ದು ಎಷ್ಟು ಚೆನ್ನಾಗಿ ಪೋಣಿಸಿದರೂ ನೆಟ್ಟಗೆ ಈಜಲ್ಲ. ಬಣ್ಣದ ವಿಷಯಕ್ಕೆ ನಾನು ತಲೆ ಕೆಡಿಸಿಕೊಳ್ಳಲ್ಲ: ಮಳೆಯ ಕೆಂಪು ನೀರಿಗೆ ಕಡುಬಣ್ಣ, ತಿಳಿನೀರಿಗೆ ಬೆಳ್ಳಿ.