ಯುರೋಪ್ ಸುತ್ತೋಕೆ ರೈಲ್ ಪಾಸಾ, ಬಿಡಿ ಟಿಕೆಟ್ಟಾ?

ಊರು, ತಾರೀಖು ಎರಡೂ ಪಕ್ಕಾ ಆಗಿದ್ದರೆ, ಮೊದಲೇ ಬುಕ್ ಮಾಡಿದ ಬಿಡಿ ಟಿಕೆಟ್ ಸಾಮಾನ್ಯವಾಗಿ ಅಗ್ಗ. ಆದರೆ ಅಗ್ಗದ ಟಿಕೆಟ್ ಹೆಚ್ಚಾಗಿ ಅದೊಂದೇ ರೈಲಿಗೆ ನಡೆಯೋದು. ಪ್ರಾಗ್‌ನಲ್ಲಿ ಇನ್ನೊಂದು ದಿನ ಇರೋಣ ಅನಿಸಿತೋ, ದುಡ್ಡು ಹೋದಂತೆಯೇ.

ಮನಸ್ಸು ಬಂದಲ್ಲಿ ಇಳಿಯುವವರಿಗೆ ಪಾಸ್ ಸರಿ, ಅಂದರೆ ಹಲವು ದೇಶಗಳ ರೈಲುಗಳಿಗೆ ನಡೆಯುವ ಒಂದೇ ಟಿಕೆಟ್. ಭಾರತದಿಂದ ಹೋಗುವವರಿಗೆ ಯುರೇಲ್ ಅನ್ನೋ ಪಾಸ್, ಅಲ್ಲೇ ನೆಲೆಸಿ ಓದುತ್ತಿರುವವರಿಗೆ ಇಂಟರ್‌ರೇಲ್. 27 ವರ್ಷದವರೆಗೆ ರಿಯಾಯಿತಿಯೂ ಉಂಟು.

ಜೇಬಿಗೆ ಕತ್ತರಿ ಬೀಳೋದು ಸೀಟ್ ರಿಸರ್ವೇಶನ್‌ನಲ್ಲಿ. ಪಾಸ್ ಇದ್ದರೂ ಫ್ರಾನ್ಸಿನ ಟಿಜಿವಿ, ಯೂರೋಸ್ಟಾರ್, ಇಟಲಿ-ಸ್ಪೇನ್‌ಗಳ ವೇಗದ ರೈಲುಗಳಿಗೆ ಅದರ ಖರ್ಚು ಬೇರೆ. ರಾತ್ರಿ ರೈಲಿಗೂ ಅಷ್ಟೇ. ಹಾಸ್ಟೆಲ್ ಬಾಡಿಗೆ ಉಳಿಯುತ್ತೆ ಅನ್ನೋದೊಂದೇ ಸಮಾಧಾನ. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್‌ಗಳಲ್ಲಿ ಹಗಲಿನ ಹೆಚ್ಚಿನ ರೈಲುಗಳಿಗೆ ಸುಮ್ನೆ ಹತ್ತಿ ಕೂತರಾಯಿತು. ಅಲ್ಲೇ ಜಾಸ್ತಿ ಸುತ್ತುವುದಾದರೆ ಪಾಸ್. ಪ್ಯಾರಿಸ್, ಬಾರ್ಸಿಲೋನಾ, ರೋಮ್ ಅಂತ ಮೂರೇ ಊರಾದರೆ ಬಿಡಿ ಟಿಕೆಟ್.